ಕೋವಿ, ತೋಟೆ, ಬೋರು: ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಸುಳ್ಯ, ಬೆಳ್ತಂಗಡಿ, ಕಾರ್ಕಳ, ಹೆಬ್ರಿ, ಕುಂದಾಪುರದ ಕಡೆ ಬೆಳೆ ರಕ್ಷಣೆಗೆಂದು ಕೋವಿ ಇಟ್ಟುಕೊಂಡವರು, ಮಂಗಳೂರು–ಉಡುಪಿಯಲ್ಲಿ ಗುರಿ ಅಭ್ಯಾಸ ಮಾಡುವ ಹುಡುಗರು, ಅಜ್ಜನ ಕಾಲದ ಜೋಡುನಳಿಗೆಯನ್ನು ಏನು ಮಾಡುವುದೆಂದು ತಿಳಿಯದೆ ಕೂತವರು ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆ ಕೇಳುತ್ತಾರೆ. ಒಂದು ಕಾಲದಲ್ಲಿ ಎಲ್ಲೆಲ್ಲೂ ಇದ್ದ ತೋಟೆ (ಮದ್ದು, ಗುಂಡು ಸೇರಿದ ಕಾರ್ಟ್ರಿಜ್) ಈಗ ಯಾಕಿಲ್ಲ? ಹೊರದೇಶದಲ್ಲಿ ಹೆಸರು ಮಾಡಿದ್ದು ನಮ್ಮ ಅಂಗಡಿಗೆ ಯಾಕೆ ಬರುವುದಿಲ್ಲ? ಮೊದಲೇ ಹೇಳಿಬಿಡುತ್ತೇನೆ, ತೋಟೆಯ ಬಲಕ್ಕೂ ಅದರ ಜನಪ್ರಿಯತೆಗೂ ನೀವು ಅಂದುಕೊಂಡಷ್ಟು ಸಂಬಂಧ ಇಲ್ಲ. ಯಾವ ತೋಟೆ ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸಿದ್ದು ಬಹುಮಟ್ಟಿಗೆ ಕಾನೂನು, ಸೈನ್ಯ ಮತ್ತು ಅಂಗಡಿಯ ಕಪಾಟು.

ನಮ್ಮ ಕಡೆ ಯಾರ ಮನೆಗೆ ಹೋದರೂ 12 ಬೋರೇ ಯಾಕೆ?

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಓದಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ರಕ್ಷಣೆಗೆ ಅಥವಾ ಕ್ರೀಡೆಗೆ 20 ಇಂಚಿಗಿಂತ ಕಡಿಮೆ ಇಲ್ಲದ ನಳಿಗೆಯ, ಒಳಗೆ ಗೀರುಗಳಿಲ್ಲದ ಅಂದರೆ ನಯನಳಿಗೆಯ ಕೋವಿ. ನಿಜವಾದ ಬೆಳೆ ರಕ್ಷಣೆಗೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ, ನಮ್ಮವರು ಕೇಪಿನ ಕೋವಿ ಅನ್ನುವುದು. ಈ ಎರಡಕ್ಕೆ ಅರ್ಜಿ ಹಾಕಿದವರ ಮೇಲೆ ಕಾಯ್ದೆ ಸ್ವಲ್ಪ ಮೃದು. ಕೇಪಿನ ಕೋವಿ ಸಾಲುವುದಿಲ್ಲ ಎಂದು ಅಧಿಕಾರಿಗೆ ಮನವರಿಕೆಯಾದರೆ ಬೆಳೆಗಾರನಿಗೆ ಬೇರೆ ನಯನಳಿಗೆ ಕೋವಿಯನ್ನೂ ಕೊಡಬಹುದು. ರೈಫಲ್ (ಗುಂಡನ್ನು ತಿರುಗಿಸಲು ನಳಿಗೆಯೊಳಗೆ ಸುರುಳಿ ಗೀರು ಇರುವುದು) ಕೇಳಿದರೆ ಮಾತ್ರ ನೂರೆಂಟು ಪ್ರಶ್ನೆ. ಹೀಗಾಗಿ ಅಡಿಕೆ ತೋಟದ ಮನೆಗೆ ಬಂದದ್ದು ಒಂದೋ ಕೇಪಿನ ಕೋವಿ, ಇಲ್ಲವೇ 12 ಬೋರಿನ ಒಂಟಿನಳಿಗೆ ಅಥವಾ ಜೋಡುನಳಿಗೆ.

ಉಳಿದರ್ಧ ಉತ್ತರ ತೋಟೆಯಲ್ಲೇ ಉಂಟು. ನಳಿಗೆಯ ಒಳಗೆ ಸರಿಯಾಗಿ ಕೂರುವ ಸೀಸದ ಗುಂಡು ಒಂದು ಪೌಂಡಿನ ಹನ್ನೆರಡನೇ ಒಂದು ಪಾಲು ತೂಗಿದರೆ ಅದು 12 ಬೋರ್. ಅಳತೆಯಲ್ಲಿ ಸುಮಾರು 18.5 ಮಿ.ಮೀ. ಸಂಖ್ಯೆ ದೊಡ್ಡದಾದಷ್ಟು ನಳಿಗೆ ಸಣ್ಣದು. 16 ಅಂದರೆ 16.8 ಮಿ.ಮೀ., 20 ಅಂದರೆ 15.6 ಮಿ.ಮೀ. ಇದರಲ್ಲಿ .410 ಒಂದೇ ಬೇರೆ ಜಾತಿ, ಅದು ರೈಫಲಿನ .303, .315ರ ಹಾಗೆ ನೇರವಾಗಿ ಇಂಚಿನ ಅಳತೆ. 12 ಬೋರಿನ ಒಂದೇ ಕೋವಿಗೆ ಸಾಸಿವೆಗಿಂತ ತುಸು ದಪ್ಪದ ಚರೆಯಿಂದ (ಸೀಸದ ಸಣ್ಣ ಗೋಲಿ) ಹಿಡಿದು ಒಂಟಿ ಗುಂಡಿನವರೆಗೆ ಎಲ್ಲ ನಮೂನೆಯ ತೋಟೆ ಹಾಕಬಹುದು. ಹೆಗಲಿಗೆ ತೀರಾ ಏಟಾಗುವುದಿಲ್ಲ, ಕೋವಿಯೂ ಹೊರಲಾರದಷ್ಟು ಭಾರವಿಲ್ಲ. ಜಗತ್ತಿನಲ್ಲೆಲ್ಲ ಇದು ಗೆದ್ದದ್ದು ಹೀಗೆ. ಒಮ್ಮೆ ಗೆದ್ದ ಮೇಲೆ ಕಾರ್ಖಾನೆಗಳು ಅದನ್ನೇ ಹೆಚ್ಚು ಮಾಡಿದವು, ಹೆಚ್ಚು ಮಾಡಿದ್ದರಿಂದ ಬೆಲೆ ಇಳಿಯಿತು, ಬೆಲೆ ಇಳಿದದ್ದರಿಂದ ಜನ ಅದನ್ನೇ ಕೇಳಿದರು.

ಕೇಪಿನ ಕೋವಿ 19ನೇ ಶತಮಾನದ್ದು. ಇನ್ನೂ ಯಾಕೆ ಉಳಿದಿದೆ?

ಅದಕ್ಕೆ ತೋಟೆಯೇ ಬೇಡವಲ್ಲ. ಮದ್ದು, ಚರೆ, ಮದ್ದಿಗೆ ಕಿಡಿ ಕೊಡುವ ಕೇಪು ಬಿಡಿಬಿಡಿಯಾಗಿ ಸಿಗುತ್ತವೆ, ಖರ್ಚು ಕಡಿಮೆ, ಪರವಾನಗಿಗೂ ಹೋಲಿಕೆಯಲ್ಲಿ ಸುಲಭ. ಮಂಗನ ಹಿಂಡನ್ನು ತೆಂಗಿನ ತೋಟದಿಂದ ಎಬ್ಬಿಸಲು ಬೇಕಾದದ್ದು ಸದ್ದು. ಆ ಕೆಲಸಕ್ಕೆ ಕರಿಮದ್ದಿಗಿಂತ (ಹೊಗೆ ಹೆಚ್ಚು ಕಾರುವ ಹಳೆ ಬಗೆಯ ಮದ್ದು) ಒಳ್ಳೆಯದು ಇನ್ನೊಂದಿಲ್ಲ.

ತೊಂದರೆ ಮಳೆಗಾಲದ್ದು. ಕರಿಮದ್ದು ಉರಿದ ಮೇಲೆ ಉಳಿಯುವ ಮಸಿ ಗಾಳಿಯ ತೇವ ಹೀರಿ ನಳಿಗೆಯನ್ನು ತಿನ್ನುತ್ತದೆ. ವರ್ಷಕ್ಕೆ ಹತ್ತಿರ ಹತ್ತಿರ 4000 ಮಿ.ಮೀ. ಮಳೆ ಬೀಳುವ ಊರಲ್ಲಿ ಹೊಡೆದ ದಿನವೇ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚದಿದ್ದರೆ ತುಳುವರ ಆಟಿ ತಿಂಗಳು ಮುಗಿಯುವುದರೊಳಗೆ ಒಳಮೈ ಗುಳಿಬಿದ್ದಿರುತ್ತದೆ. ಹಳೆಯವರು ಕೋವಿಯನ್ನು ಅಡುಗೆಮನೆಯ ಅಟ್ಟದ ಮೇಲೆ ಹೊಗೆ ತಾಗುವಲ್ಲಿ ಇಡುತ್ತಿದ್ದದ್ದು ಸುಮ್ಮನೆ ಅಲ್ಲ. ಮದ್ದನ್ನು ಮಾತ್ರ ಅಲ್ಲಿ ಇಡಬೇಡಿ, ದಯವಿಟ್ಟು.

ಅಜ್ಜನ ಪೆಟ್ಟಿಗೆಯಲ್ಲಿ ಕಾಗದದ ತೋಟೆಗಳು ಸಿಕ್ಕಿವೆ. ಹೊಡೆಯಬಹುದಾ?

ಬೇಡ. ನಿಮ್ಮ ಹೆಸರಿನಲ್ಲಿ ಪರವಾನಗಿ ಇಲ್ಲದಿದ್ದರೆ ಇಟ್ಟುಕೊಳ್ಳುವುದೂ ಅಪರಾಧ. ಹತ್ತಿರದ ಠಾಣೆಗೆ ಅಥವಾ ಪರವಾನಗಿ ಇರುವ ಕೋವಿ ಅಂಗಡಿಗೆ ತಿಳಿಸಿ ಒಪ್ಪಿಸಿ.

ಆದರೆ ಆ ಕಾಗದದ ತೋಟೆ ಯಾಕೆ ಮರೆಯಾಯಿತು ಎಂಬುದಕ್ಕೆ ನಮ್ಮ ಊರಿನಷ್ಟು ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಹಿತ್ತಾಳೆಯ ತಳ, ಮೇಣ ಹಚ್ಚಿದ ಕಾಗದದ ಕೊಳವೆ. ಇಂಗ್ಲೆಂಡಿನ ಚಳಿಗೆ ಅದು ಸರಿ. ಜೂನ್ ತಿಂಗಳ ಕಾರ್ಕಳದಲ್ಲಿ ಅದು ಊದಿಕೊಂಡು ನಳಿಗೆಯೊಳಗೆ ಹೋಗುವುದೇ ಇಲ್ಲ. ಒತ್ತಿ ತುರುಕಿದರೆ ಹೊಡೆದ ಮೇಲೆ ಹೊರಗೆ ಬರುವುದಿಲ್ಲ. ಕೆಲವರು ಪೂರ್ತಿ ಹಿತ್ತಾಳೆಯ ತೋಟೆ ಇಟ್ಟುಕೊಂಡು ಮತ್ತೆ ಮತ್ತೆ ತುಂಬಿಸಿದ್ದೂ ಇದೇ ಕಾರಣಕ್ಕೆ. 1960ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪೆನಿ ಪ್ಲಾಸ್ಟಿಕ್ ಕೊಳವೆಯ ತೋಟೆಯನ್ನು ಮಾರುಕಟ್ಟೆಗೆ ತಂದಿತು. ಮುಂದಿನ ಒಂದೆರಡು ದಶಕಗಳಲ್ಲಿ ಕಾಗದ ಬಹುತೇಕ ಮೂಲೆ ಸೇರಿತು. ಪ್ಲಾಸ್ಟಿಕ್ ತೋಟೆಯ ಗುರಿ ಹೆಚ್ಚು ಅಂತಲ್ಲ, ಅದು ಒದ್ದೆಯಾಗುವುದಿಲ್ಲ, ಅಷ್ಟೇ.

ಹಳೆ ಕೋವಿ ಇದ್ದವರು ಇನ್ನೊಂದು ವಿಷಯ ಗಮನಿಸಬೇಕು. ಹಿಂದಿನ ಎಷ್ಟೋ ಇಂಗ್ಲಿಷ್ ಜೋಡುನಳಿಗೆಗಳನ್ನು 65 ಮಿ.ಮೀ. ತೋಟೆಗೆ ಮಾಡಿದ್ದು. ಈಗ ಸಾಮಾನ್ಯವಾಗಿ ಸಿಗುವುದು 70 ಮಿ.ಮೀ. ಉದ್ದದ್ದು. ಆ ಅಳತೆ ತೋಟೆ ಬಿಚ್ಚಿಕೊಂಡ ಮೇಲಿನದು, ಹಾಗಾಗಿ ಉದ್ದದ ತೋಟೆ ಗಿಡ್ಡ ಕೋಣೆಯಲ್ಲಿ (ನಳಿಗೆಯ ಹಿಂದೆ ತೋಟೆ ಕೂರುವ ಜಾಗ) ಸುಲಭವಾಗಿ ಕೂತುಬಿಡುತ್ತದೆ. ಹೊಡೆದಾಗ ಅದರ ಬಾಯಿಗೆ ಬಿಚ್ಚಿಕೊಳ್ಳಲು ಜಾಗ ಇಲ್ಲದೆ ಒತ್ತಡ ಏರುತ್ತದೆ. ನಳಿಗೆಯ ಅಡಿಯಲ್ಲಿ ಏನು ಕೆತ್ತಿದೆ ಎಂದು ಬಲ್ಲವರಿಂದ ಓದಿಸದೆ ಮುಟ್ಟಬೇಡಿ.

ಎಲ್.ಜಿ., ಎಸ್.ಜಿ., ಬಿ.ಬಿ., ನಾಲ್ಕು, ಆರು. ಇವುಗಳಲ್ಲಿ ಯಾವುದಕ್ಕೆ ಈಗ ಬೇಡಿಕೆ?

ಬೇಟೆ ಇದ್ದ ಕಾಲದಲ್ಲಿ ಎಲ್ಲಕ್ಕೂ ಬೇಡಿಕೆ ಇತ್ತು. ಎಲ್.ಜಿ. ಅಂದರೆ ಒಂದು ಔನ್ಸಿಗೆ ಸುಮಾರು ಆರು ದಪ್ಪ ಚರೆ, ಎಸ್.ಜಿ. ಅಂದರೆ ಸುಮಾರು ಎಂಟು. ಹಂದಿ, ಕಡವೆಗೆ ಇವು. ಕಾಡುಕೋಳಿ, ಬಾತುಕೋಳಿಗೆ ನಾಲ್ಕು, ಆರನೇ ನಂಬರಿನ ಸಣ್ಣ ಚರೆ. ಬೇಟೆ ನಿಂತ ಮೇಲೆ ಸಣ್ಣ ಚರೆ ಹಳ್ಳಿಯಿಂದ ಹೊರಟು ಸ್ಪರ್ಧೆಯ ಅಂಗಳ ಸೇರಿತು. ಮಣ್ಣಿನ ತಟ್ಟೆಗೆ ಹೊಡೆಯುವವರು ಅದಕ್ಕಿಂತಲೂ ಸಣ್ಣದನ್ನು ಬಳಸುತ್ತಾರೆ. ತೋಟದ ಮನೆಯಲ್ಲಿ ಎಲ್.ಜಿ. ಹೆಸರು ಮಾತ್ರ ಇನ್ನೂ ಗಟ್ಟಿಯಾಗಿ ನಿಂತಿದೆ. ಒಂದು ಎಚ್ಚರ: ಇಂಗ್ಲಿಷರ ಆರನೇ ನಂಬರಿಗೂ ಅಮೆರಿಕದವರ ಆರನೇ ನಂಬರಿಗೂ ಅಳತೆ ಒಂದೇ ಅಲ್ಲ. ಮೊದಲನೆಯದು ಸುಮಾರು 2.6 ಮಿ.ಮೀ., ಎರಡನೆಯದು 2.8 ಮಿ.ಮೀ.

16 ಬೋರ್ ಎಲ್ಲಿ ಹೋಯಿತು? ಮಾವನ ಹತ್ತಿರ ಒಂದು ಇತ್ತು.

ತಪ್ಪೇ ಮಾಡದೆ ಸೋತದ್ದು ಅದು. 12ಕ್ಕಿಂತ ಹಗುರ, 20ಕ್ಕಿಂತ ಹೆಚ್ಚು ಚರೆ ಒಯ್ಯುತ್ತದೆ. ಜರ್ಮನಿ, ಫ್ರಾನ್ಸಿನಲ್ಲಿ ಅದಕ್ಕೆ ತುಂಬ ಗೌರವ ಇತ್ತು. ಅಮೆರಿಕದಲ್ಲಿ ಸ್ಕೀಟ್ (ಹಾರುವ ಮಣ್ಣಿನ ತಟ್ಟೆಗೆ ಹೊಡೆಯುವ) ಸ್ಪರ್ಧೆಗಳು ಬೆಳೆದಾಗ 12, 20, 28 ಮತ್ತು .410 ಎಂಬ ನಾಲ್ಕು ವಿಭಾಗ ಮಾಡಿದರು. ಅದರಲ್ಲಿ 16ಕ್ಕೆ ಜಾಗ ಸಿಗಲಿಲ್ಲ. ಸ್ಪರ್ಧೆಯಲ್ಲಿ ಇಲ್ಲದ್ದಕ್ಕೆ ಕಾರ್ಖಾನೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅಷ್ಟರಲ್ಲಿ 20 ಬೋರಿಗೆ 76 ಮಿ.ಮೀ. ಉದ್ದದ ತೋಟೆ ಬಂದು 16ರ ಕೆಲಸವನ್ನೂ ಅದೇ ಮಾಡತೊಡಗಿತು. ನಮ್ಮಲ್ಲಿ ಆದದ್ದು ಇನ್ನೂ ಸರಳ: ಅಂಗಡಿಯವ 12 ತರಿಸುತ್ತಾನೆ, 16 ಕೇಳಿದರೆ ಮುಖ ನೋಡುತ್ತಾನೆ. ಮಾವನ ಕೋವಿ ಒಳ್ಳೆಯದೇ ಇರಬಹುದು, ತೋಟೆ ಇಲ್ಲದ ಕೋವಿ ಇಟ್ಟುಕೊಂಡು ಎಂತ ಮಾಡುವುದು ಮಾರಾಯ್ರೆ.

.315 ಎಂಬ ರೈಫಲ್ ತೋಟೆ ಭಾರತದಲ್ಲಿ ಮಾತ್ರ ಕೇಳಿಬರುತ್ತದೆ. ಯಾಕೆ?

ಈ ಪ್ರಶ್ನೆಗೆ ಉತ್ತರಿಸಲು ನನಗೆ ಬಹಳ ಖುಷಿ. ಕಾನೂನು ತೋಟೆಯನ್ನು ಹುಟ್ಟಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಜಗತ್ತಿನಲ್ಲೇ ಕಡಿಮೆ.

ಬ್ರಿಟಿಷರಿಗೆ 1857ರ ಭಯ ಕೊನೆಯವರೆಗೂ ಹೋಗಲಿಲ್ಲ. 1878ರ ಶಸ್ತ್ರಾಸ್ತ್ರ ಕಾಯ್ದೆ ಬಂದದ್ದು ಆ ಭಯದಲ್ಲಿ. ಸೈನ್ಯದ ತೋಟೆ ಬೇರೆಯವರ ಕೋವಿಗೆ ಹೊಂದಬಾರದು ಎಂಬುದು ಅವರ ಲೆಕ್ಕ. ಸೈನ್ಯದ ಹಳೆ ಮಾರ್ಟಿನಿ–ಹೆನ್ರಿ ರೈಫಲಿನ ಗುಂಡು .450 ಅಳತೆಯದ್ದು. 20ನೇ ಶತಮಾನದ ಮೊದಲ ದಶಕದಲ್ಲಿ ಭಾರತಕ್ಕೆ .450 ಬೋರಿನ ರೈಫಲ್ ತರುವುದನ್ನೇ ನಿಷೇಧಿಸಿದರು. ಆಗ ಭಾರತ ಅಂದರೆ ಲಂಡನ್ನಿನ ಕೋವಿ ತಯಾರಕರಿಗೆ ದೊಡ್ಡ ಗಿರಾಕಿ. ರಾಜರು, ಕಲೆಕ್ಟರುಗಳು, ಕಾಫಿ ಎಸ್ಟೇಟಿನ ದೊರೆಗಳು. ಗಿರಾಕಿ ಬಿಡುವುದುಂಟಾ? ಒಬ್ಬೊಬ್ಬರು ಒಂದೊಂದು ಹೊಸ ಅಳತೆ ಮಾಡಿದರು: .465, .470, .475, .476. ಕೆಲಸದಲ್ಲಿ ಎಲ್ಲ ಹಳೆ .450 ತೋಟೆಯಂತೆಯೇ, ಹೆಸರು ಬೇರೆ, ದಪ್ಪ ಒಂದೆಳೆ ಬೇರೆ. ಅದರಲ್ಲಿ .470 ನೈಟ್ರೋ ಎಕ್ಸ್‌ಪ್ರೆಸ್ ಇಂದಿಗೂ ಆಫ್ರಿಕದಲ್ಲಿ ಜೋಡುನಳಿಗೆ ರೈಫಲುಗಳ ಅಚ್ಚುಮೆಚ್ಚು. ಅದು ಹುಟ್ಟಿದ್ದು ನಮ್ಮ ದೇಶದ ಒಂದು ಸರಕಾರಿ ಆದೇಶದಿಂದ ಅಂತ ಅಲ್ಲಿಯವರಲ್ಲಿ ಎಷ್ಟು ಮಂದಿಗೆ ಗೊತ್ತೋ.

.303ರ ಕತೆಯೂ ಅದೇ. ಸೈನ್ಯದ್ದು, ಹಾಗಾಗಿ ಸಾಮಾನ್ಯರಿಗೆ ಇಲ್ಲ. ಆಸ್ಟ್ರಿಯದ ಸೈನ್ಯ ಬಳಸುತ್ತಿದ್ದ 8×50 ಆರ್ ಮ್ಯಾನ್‌ಲಿಕರ್ ತೋಟೆ .303ಗೆ ಹತ್ತಿರದ ಮೈಕಟ್ಟಿನದು. ಸೈನ್ಯದ .303 ಲೀ ರೈಫಲಿನ ಯಂತ್ರಭಾಗವನ್ನೇ ಇಟ್ಟುಕೊಂಡು, ನಳಿಗೆಯನ್ನು ಮಾತ್ರ ಈ ತೋಟೆಗೆ ಹೊಂದಿಸಿ .315 ಎಂದು ಹೆಸರಿಟ್ಟು ಭಾರತಕ್ಕೆ ಮಾರಿದರು. ಸ್ವಾತಂತ್ರ್ಯ ಬಂದ ಮೇಲೆ ಪಶ್ಚಿಮ ಬಂಗಾಳದ ಇಶಾಪುರದ ಸರಕಾರಿ ರೈಫಲ್ ಕಾರ್ಖಾನೆ ಅದನ್ನೇ ಮುಂದುವರಿಸಿತು, ಯಾಕೆಂದರೆ ಸೈನ್ಯದ ಬೋರು ನಾಗರಿಕರಿಗೆ ಇಲ್ಲ ಎಂಬ ನಿಯಮವನ್ನು ನಾವೂ ಹಾಗೇ ಉಳಿಸಿಕೊಂಡೆವು. ತಾಯಿನಾಡಾದ ಆಸ್ಟ್ರಿಯದಲ್ಲಿ ಆ ತೋಟೆಯ ಕಾಲ ಮುಗಿದು ಯಾವುದೋ ಯುಗ ಆಯಿತು. ಇಲ್ಲಿ ಅದು ಬ್ಯಾಂಕಿನ ಕಾವಲುಗಾರನ ಹೆಗಲಲ್ಲೂ ಕಾಣುತ್ತದೆ.

ಶಿಕಾರಿ ಕಾಲದ ದೊಡ್ಡ ರೈಫಲುಗಳ ತೋಟೆಗಳಿಗೆ ಏನಾಯಿತು?

ಮೊದಲು ಅವು ಬಂದದ್ದು ಹೇಗೆ ನೋಡಿ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆ ಕಡಿಮೆ ಇರುವ ಹೊಸ ಮದ್ದು ಕಂಡುಹಿಡಿದ. 1886ರಲ್ಲಿ ಫ್ರೆಂಚ್ ಸೈನ್ಯ 8 ಮಿ.ಮೀ. ಲೆಬೆಲ್ ರೈಫಲಿಗೆ ಅದನ್ನು ತುಂಬಿತು. ಅಲ್ಲಿಯವರೆಗೆ ಸೈನ್ಯಗಳ ಗುಂಡು 11 ಮಿ.ಮೀ. ಆಸುಪಾಸಿನದು. ಹೊಸ ಮದ್ದಿನಿಂದ ಸಣ್ಣ ಗುಂಡೂ ವೇಗವಾಗಿ, ನೇರವಾಗಿ, ದೂರ ಹೋಗತೊಡಗಿತು. ಹತ್ತಿಪ್ಪತ್ತು ವರ್ಷದಲ್ಲಿ ಕರಿಮದ್ದಿನ ದೈತ್ಯ ತೋಟೆಗಳ ಸಂತತಿಯೇ ಅಳಿಯಿತು. ತೋಟೆಗಳ ಇತಿಹಾಸದಲ್ಲಿ ಇಷ್ಟು ದೊಡ್ಡ ಬದಲಾವಣೆ ಮತ್ತೆ ಆಗಿಲ್ಲ. ಈಗಿನದೆಲ್ಲ ಅದರ ಮೇಲಿನ ಕುಸುರಿ.

ಬೇಟೆಗಾರ ಜಿಮ್ ಕಾರ್ಬೆಟ್‌ಗೆ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದ ನಂತರ ಉಡುಗೊರೆಯಾಗಿ ಬಂದದ್ದು .275 ರಿಗ್ಬಿ. ಅದು ಜರ್ಮನಿಯ 7×57 ಮೌಸರ್ ತೋಟೆಯೇ, ಇಂಗ್ಲಿಷ್ ಹೆಸರು ಅಷ್ಟೇ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ತಮ್ಮ ಮೇಲೆ ಹಾರಿಬಂದ ಗುಂಡನ್ನು ಇಂಗ್ಲಿಷರು ಮೆಚ್ಚಿ ಮನೆಗೆ ತಂದುಕೊಂಡರು. ನಮ್ಮ ರಾಜ್ಯದವನೇ ಆದ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಹೊತ್ತು ತಿರುಗಿದ್ದು .405 ವಿಂಚೆಸ್ಟರ್. 1904ರ ಅಮೆರಿಕನ್ ತೋಟೆ ಅದು, ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಕ್ಕೆ ಒಯ್ದದ್ದೂ ಅದನ್ನೇ. ಇವರಿಬ್ಬರ ಬರಹ ಓದಿದವರು ಈಗಲೂ ಅದೇ ತೋಟೆ ಇದೆಯಾ ಎಂದು ಕೇಳುತ್ತಾರೆ.

ಇಂಥವು ಇಲ್ಲಿ ಅಳಿದದ್ದಕ್ಕೆ ಮೂರು ಕಾರಣ ಒಟ್ಟಿಗೆ ಸೇರಿದವು. ವಿದೇಶಿ ವಿನಿಮಯದ ಬಿಗಿಯಿಂದ ಆಮದು ಕಡಿಮೆಯಾಯಿತು. ಬ್ರಿಟನ್ನಿನಲ್ಲಿ ಕೈನೋಕ್ ಹೆಸರಿನ ದೊಡ್ಡ ಬೇಟೆ ತೋಟೆಗಳ ತಯಾರಿಕೆ 1970ರ ಸುಮಾರಿಗೆ ನಿಂತುಹೋಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅಂದಿನಿಂದ ಆ ರೈಫಲುಗಳು ಗೋಡೆಯ ಮೇಲಿನ ಕೋಡುಗಳ ಜೊತೆ ತೂಗುಹಾಕಲಷ್ಟೇ ಉಳಿದವು.

ಅಮೆರಿಕದಲ್ಲಿ ನೂರು ವರ್ಷದಿಂದ .30-06, .308 ಅಂತಲೇ ಹೇಳುತ್ತಾರಲ್ಲ?

ಯುದ್ಧದಿಂದ ಮನೆಗೆ ಬಂದ ಸೈನಿಕ ತಾನು ಬಳಸಿ ಗೊತ್ತಿರುವುದನ್ನೇ ಕೊಳ್ಳುತ್ತಾನೆ. .30-06 ಎಂಬಲ್ಲಿನ 06 ಅಂದರೆ 1906, ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡ ವರ್ಷ. ಎರಡು ಮಹಾಯುದ್ಧಗಳಲ್ಲಿ ಅದೇ ತೋಟೆ. ಯುದ್ಧ ಮುಗಿದಾಗ ಅಗ್ಗದ ರೈಫಲು, ರಾಶಿ ತೋಟೆ, ಕೈಪಳಗಿದ ಲಕ್ಷಾಂತರ ಜನ. .308 ವಿಂಚೆಸ್ಟರ್ 1952ರಲ್ಲಿ ನಾಗರಿಕರಿಗೆ ಬಂತು. ಅದರ ಅವಳಿ 7.62×51 ನ್ಯಾಟೋ ಪಡೆಗಳ ತೋಟೆಯಾಯಿತು. .223 ಮತ್ತು 5.56ರದ್ದೂ ಇದೇ ಜಾತಕ. ಅಲ್ಲಿ ಸೈನ್ಯದ ಬೋರು ಜನಪ್ರಿಯತೆಯ ಹೆದ್ದಾರಿ, ಇಲ್ಲಿ ಅದೇ ಬೋರು ನಿಷಿದ್ಧ. ತಮಾಷೆ ಎಂದರೆ ನಮ್ಮ ಸೈನ್ಯದ ತೋಟೆ .30-06 ಅಲ್ಲದ್ದರಿಂದ ಇಶಾಪುರದವರು ಅದರಲ್ಲೂ ನಾಗರಿಕರಿಗೆ ಒಂದು ರೈಫಲ್ ಮಾಡಿದರು.

ತೋಟೆ ಒಳ್ಳೆಯದಿದ್ದರೂ ಸೋಲುವುದು ಉಂಟಾ?

ಧಾರಾಳ ಉಂಟು. 1955ರಲ್ಲಿ ಅಮೆರಿಕದಲ್ಲಿ ಎರಡು 6 ಮಿ.ಮೀ. ತೋಟೆಗಳು ಒಟ್ಟಿಗೆ ಬಂದವು, ವಿಂಚೆಸ್ಟರಿನ .243 ಮತ್ತು ರೆಮಿಂಗ್ಟನ್ನಿನ .244. ಮದ್ದು ಹಿಡಿಸುವುದರಲ್ಲಿ .244 ಒಂದು ಕೈ ಮೇಲು. ಆದರೆ ರೆಮಿಂಗ್ಟನ್ನಿನವರು ನಳಿಗೆಯ ಗೀರನ್ನು 12 ಇಂಚಿಗೆ ಒಂದು ಸುತ್ತು ಎಂದು ಕೊರೆದರು. ಹಗುರ ಗುಂಡಿಗೆ ಅದು ಸಾಕು. ಜಿಂಕೆ ಬೇಟೆಗೆ ಜನ ಕೇಳಿದ್ದು 100 ಗ್ರೇನ್ (ಸುಮಾರು ಆರೂವರೆ ಗ್ರಾಂ) ತೂಕದ ಉದ್ದ ಗುಂಡು, ಅದು ಆ ಗೀರಿನಲ್ಲಿ ಸ್ಥಿರವಾಗಿ ತಿರುಗುವ ಭರವಸೆ ಇಲ್ಲ. ವಿಂಚೆಸ್ಟರ್ 10 ಇಂಚಿಗೆ ಒಂದು ಸುತ್ತು ಕೊಟ್ಟಿತ್ತು. ಜನ ಅತ್ತ ಹೋದರು. 1963ರಲ್ಲಿ ರೆಮಿಂಗ್ಟನ್ ಅದೇ ತೋಟೆಗೆ 6 ಎಂ.ಎಂ. ರೆಮಿಂಗ್ಟನ್ ಎಂದು ಹೆಸರಿಟ್ಟು, ಗೀರನ್ನೂ ಬಿಗಿ ಮಾಡಿತು. ಆಗ ತುಂಬ ತಡವಾಗಿತ್ತು.

ಅದೇ ಕಂಪೆನಿಯ .280 ಇನ್ನೂ ಪಾಪದ್ದು. 1957ರಲ್ಲಿ ಬಂತು, ಆಗಲೇ 1925ರ .270 ವಿಂಚೆಸ್ಟರ್ ಜನರ ಮನೆ ಸೇರಿ ಕೂತಿತ್ತು. ಜ್ಯಾಕ್ ಓ'ಕಾನರ್ ಎಂಬ ಬರಹಗಾರ ದಶಕಗಟ್ಟಲೆ ಅದನ್ನು ಹೊಗಳಿ ಬರೆದಿದ್ದ. ತನ್ನ ಅರೆಸ್ವಯಂಚಾಲಿತ ರೈಫಲಿಗೆ ಹೊಂದಲಿ ಎಂದು ರೆಮಿಂಗ್ಟನ್ .280ರ ಒತ್ತಡವನ್ನು ಇಳಿಸಿತು. 1979ರಲ್ಲಿ 7 ಎಂ.ಎಂ. ಎಕ್ಸ್‌ಪ್ರೆಸ್ ಎಂದು ಹೆಸರು ಬದಲಿಸಿತು. 7 ಎಂ.ಎಂ. ಮ್ಯಾಗ್ನಮ್ ಎಂಬ ಬೇರೆ ತೋಟೆಯೂ ಅದೇ ಕಂಪೆನಿಯದ್ದು ಇದ್ದುದರಿಂದ ಜನ ಗೊಂದಲಕ್ಕೆ ಬಿದ್ದರು. ಕೊನೆಗೆ ಮತ್ತೆ .280.

ಇತ್ತೀಚಿನದು ಬೇಕಾದರೆ 6.5 ಕ್ರೀಡ್‌ಮೂರ್ ನೋಡಿ. 6.5 ಮಿ.ಮೀ. ಗುಂಡಿನ ಗುಣ 1894ರ ಸ್ವೀಡಿಶ್ 6.5×55 ತೋಟೆಯ ಕಾಲದಿಂದ ಗೊತ್ತಿದ್ದದ್ದೇ. ಸಣಕಲು, ಉದ್ದ, ಗಾಳಿಗೆ ಕಡಿಮೆ ತೊನೆಯುತ್ತದೆ, ಹೆಗಲಿಗೆ ಹೊಡೆತ ಕಡಿಮೆ. 1997ರಲ್ಲಿ .260 ರೆಮಿಂಗ್ಟನ್ ಬಂತು, ಹತ್ತಿರ ಹತ್ತಿರ ಅದೇ ವೇಗ. ಆದರೆ 2007ರಲ್ಲಿ ಅಮೆರಿಕದ ಹಾರ್ನಡಿ ಕಂಪೆನಿಯವರು ತಂದ ಕ್ರೀಡ್‌ಮೂರ್ ಗೆದ್ದಿತು. ಅವರು ತೋಟೆಯ ಮೈಯನ್ನು ಗಿಡ್ಡ ಮಾಡಿ ಉದ್ದ ಗುಂಡಿಗೆ ಜಾಗ ಬಿಟ್ಟರು, 8 ಇಂಚಿಗೆ ಒಂದು ಸುತ್ತಿನ ಗೀರನ್ನು ಮೊದಲ ದಿನದಿಂದಲೇ ರೂಢಿ ಮಾಡಿದರು, ಸ್ಪರ್ಧೆ ಮಟ್ಟದ ತೋಟೆಯನ್ನು ಸಾಮಾನ್ಯನಿಗೆ ಕೈಗೆಟುಕುವ ಬೆಲೆಗೆ ಇಟ್ಟರು. ಮನೆಯಲ್ಲಿ ತುಂಬಿಸುವವರಿಗಾಗಿ ಪೆಟ್ಟಿಗೆಯ ಮೇಲೆ ಮದ್ದಿನ ಲೆಕ್ಕವನ್ನೂ ಅಚ್ಚುಹಾಕಿದರು. ಒಳ್ಳೆಯ ತೆಂಗಿನೆಣ್ಣೆ ಎರಡು ಗಾಣದಲ್ಲೂ ಸಿಗುತ್ತಿದ್ದು ಒಬ್ಬ ಮಾತ್ರ ಬಾಟಲಿ ಕೊಟ್ಟ ಹಾಗೆ.

ಇನ್ನು ಜಾಹೀರಾತಿನ ಕೆಲಸ. 1915ರಲ್ಲಿ ಚಾರ್ಲ್ಸ್ ನ್ಯೂಟನ್ ಎಂಬವರು ಸ್ಯಾವೇಜ್ ಕಂಪೆನಿಗೆ .25 ಅಳತೆಯ ತೋಟೆ ಮಾಡಿಕೊಟ್ಟರು. ಅವರಿಗೆ ಬೇಕಿದ್ದದ್ದು 100 ಗ್ರೇನ್ ಗುಂಡು. ಕಂಪೆನಿಗೆ ಬೇಕಿದ್ದದ್ದು ಸೆಕೆಂಡಿಗೆ 3000 ಅಡಿ ಎಂಬ ದುಂಡು ಸಂಖ್ಯೆ. 87 ಗ್ರೇನಿಗೆ ಇಳಿಸಿದರು, ಸಂಖ್ಯೆ ಸಿಕ್ಕಿತು, ತೋಟೆಯ ಹೆಸರೇ .250-3000 ಆಯಿತು.

ಮ್ಯಾಗ್ನಮ್ ತೋಟೆ ತಗೊಂಡರೆ ಒಳ್ಳೆಯದಲ್ವಾ?

ಮ್ಯಾಗ್ನಮ್ ಅಂದರೆ ಹೆಚ್ಚು ಮದ್ದು ಹಿಡಿಸುವ, ಹೆಚ್ಚು ಬಲದ ತೋಟೆ. 1912ರ .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್ ಇಂದಿಗೂ ಗಟ್ಟಿ, ಯಾಕೆಂದರೆ ಅದಕ್ಕೆ ನಿಜವಾದ ಕೆಲಸ ಇತ್ತು. ಆಫ್ರಿಕದ ಹಲವು ಕಡೆ ಅಪಾಯಕಾರಿ ಪ್ರಾಣಿಗಳಿಗೆ ಅದೇ ಕನಿಷ್ಠ ಅಳತೆ. 1958ರ .264 ವಿಂಚೆಸ್ಟರ್ ಮ್ಯಾಗ್ನಮ್ ನಳಿಗೆಯನ್ನು ಬೇಗ ತಿನ್ನುತ್ತದೆ ಎಂಬ ಹೆಸರು ಹೊತ್ತು, 1962ರ 7 ಎಂ.ಎಂ. ರೆಮಿಂಗ್ಟನ್ ಮ್ಯಾಗ್ನಮ್ ಎದುರು ಮಂಕಾಯಿತು. 2001ರ ಸುಮಾರಿಗೆ ಗಿಡ್ಡ ಮ್ಯಾಗ್ನಮುಗಳ ಗಲಾಟೆ ಎದ್ದಿತು. ಅದರಲ್ಲಿ .300 ಡಬ್ಲ್ಯೂ.ಎಸ್.ಎಂ. (ವಿಂಚೆಸ್ಟರ್ ಶಾರ್ಟ್ ಮ್ಯಾಗ್ನಮ್) ಉಳಿದುಕೊಂಡಿತು, ಉಳಿದ ಹೆಚ್ಚಿನವನ್ನು ಜನ ಮರೆತರು. ಅಡಿಕೆ ತೋಟದ ಉದ್ದಗಲಕ್ಕೆ ಇದರ ಮಾತೇ ಬೇಡ.

ಗುರಿ ಅಭ್ಯಾಸದ ರೇಂಜಿನಲ್ಲಿ ಈಗ ಯಾವುದು ಹೆಚ್ಚು ಬಳಕೆ?

ತೋಟೆಯೇ ಇಲ್ಲದ್ದು: 4.5 ಮಿ.ಮೀ. ಏರ್ ರೈಫಲ್, ಏರ್ ಪಿಸ್ತೂಲು. 10 ಮೀಟರ್ ಏರ್ ರೈಫಲ್ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ. 2008ರ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಅದರಲ್ಲಿ ಚಿನ್ನ ಗೆದ್ದ ಮೇಲೆ ನಮ್ಮ ದೇಶದಲ್ಲಿ ಅದರ ಗಾಳಿಯೇ ಬೇರೆಯಾಯಿತು. ಒಂದು ಕೋಣೆ ಸಾಕು, ಮಳೆಗಾಲದಲ್ಲೂ ನಿಲ್ಲುವುದಿಲ್ಲ. ಕರಾವಳಿಗೆ ಹೇಳಿ ಮಾಡಿಸಿದ ಕ್ರೀಡೆ ಅದು.

ತೋಟೆಯ ಮಟ್ಟಿಗೆ ದೊರೆ .22 ಲಾಂಗ್ ರೈಫಲ್. 1887ರಲ್ಲಿ ಬಂದದ್ದು, ಇನ್ನೂ ಅದನ್ನು ಅಲ್ಲಾಡಿಸಿದವರಿಲ್ಲ. 2024ರ ಪ್ಯಾರಿಸಿನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ಮೂರು ಭಂಗಿಗಳಲ್ಲಿ ಕಂಚು ಗೆದ್ದದ್ದು ಇದೇ ತೋಟೆಯಿಂದ. 25 ಮೀಟರ್ ರ್‍ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಮೊದಲು .22 ಶಾರ್ಟ್ ಎಂಬ ಮರಿತೋಟೆ ಬಳಕೆಯಲ್ಲಿತ್ತು. 2004ರ ಒಲಿಂಪಿಕ್ಸ್ ನಂತರ ನಿಯಮ ಬದಲಾಗಿ ಅಲ್ಲಿಯೂ ಲಾಂಗ್ ರೈಫಲ್ ಬಂತು. 1857ರಿಂದ ಬಾಳಿದ ತೋಟೆಯೊಂದು ಒಂದು ನಿಯಮದ ಸಾಲಿನಿಂದ ತನ್ನ ಕೊನೆಯ ದೊಡ್ಡ ಮನೆ ಕಳೆದುಕೊಂಡಿತು. 300 ಮೀಟರ್ ದೊಡ್ಡ ರೈಫಲ್ ಸ್ಪರ್ಧೆ ಒಲಿಂಪಿಕ್ಸ್‌ನಲ್ಲಿ ಕೊನೆಯ ಬಾರಿ ನಡೆದದ್ದು 1972ರಲ್ಲಿ. ಕೋವಿ ಸ್ಪರ್ಧೆಗಳಲ್ಲಿಯೂ ಚರೆಯ ತೂಕ 32 ಗ್ರಾಮಿನಿಂದ 28ಕ್ಕೆ, ಅಲ್ಲಿಂದ 24ಕ್ಕೆ ಇಳಿದಿದೆ.

ಸೀಸದ ಚರೆ ನಿಲ್ಲುತ್ತದಂತೆ, ಹೌದಾ?

ಹೊರಗೆ ನಿಲ್ಲುತ್ತಿದೆ. ಕೆರೆಯ ತಳದ ಚರೆಯನ್ನು ಕಲ್ಲೆಂದು ನುಂಗಿ ಬಾತುಕೋಳಿಗಳು ವಿಷವೇರಿ ಸಾಯುವುದರಿಂದ ಅಮೆರಿಕ 1991ರಲ್ಲಿ ಜಲಪಕ್ಷಿ ಬೇಟೆಗೆ ಸೀಸ ನಿಷೇಧಿಸಿತು. ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನೇ ಬಿಟ್ಟಿತು. ಯುರೋಪಿಯನ್ ಒಕ್ಕೂಟದ ಜೌಗು ಪ್ರದೇಶಗಳಲ್ಲಿ 2023ರಿಂದ ನಿಷೇಧ ಉಂಟು. ಸೀಸದ ಬದಲು ಬಂದ ಉಕ್ಕು ಹಗುರ, ಆದ್ದರಿಂದ ದಪ್ಪ ಚರೆ ಬೇಕು, ಅದಕ್ಕೆ ಜಾಗ ಬೇಕು. 12 ಬೋರಿಗೆ ಮೂರೂವರೆ ಇಂಚಿನ ತೋಟೆ 1988ರಲ್ಲಿ ಬಂದದ್ದು ಹಾಗೆ. ಅದರ ತದ್ವಿರುದ್ಧ ಟಂಗ್‌ಸ್ಟನ್. ಸೀಸಕ್ಕಿಂತ ತುಂಬ ಭಾರ, ಅಷ್ಟೇ ದುಬಾರಿ. ಅದರಿಂದಾಗಿ ಮಕ್ಕಳ ತೋಟೆ ಎಂದು ಬದಿಗಿಟ್ಟಿದ್ದ .410 ಮತ್ತು 28 ಬೋರು ಅಮೆರಿಕದ ಟರ್ಕಿ ಕೋಳಿ ಬೇಟೆಯಲ್ಲಿ ತಲೆಯೆತ್ತಿವೆ.

ಕೆಡ್ಡಸಕ್ಕೆ (ತುಳುನಾಡಿನ ಭೂಮಿತಾಯಿಯ ಹಬ್ಬ) ಬೋಂಟೆಗೆ, ಅಂದರೆ ಬೇಟೆಗೆ, ಹೋಗುವ ಪದ್ಧತಿ ಇತ್ತಲ್ಲ. ಬೆಳೆ ರಕ್ಷಣೆ ಪರವಾನಗಿ ಇದ್ದರೆ ಹಂದಿ ಹೊಡೆಯಬಹುದಾ?

ಪದ್ಧತಿ ಇತ್ತು, ಈಗ ಇಲ್ಲ. ಕೋವಿಯ ಪರವಾನಗಿ ಎಂದರೆ ಬೇಟೆಯ ಪರವಾನಗಿ ಅಲ್ಲ, ಇದನ್ನು ಗಟ್ಟಿಯಾಗಿ ನೆನಪಿಡಿ. 2022ರ ತಿದ್ದುಪಡಿಯ ನಂತರ ಕಾಡುಹಂದಿ ವನ್ಯಜೀವಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯ ತರುವ ಪ್ರಾಣಿಯ ವಿಷಯದಲ್ಲಿ 11ನೇ ಕಲಂ ಅಡಿ ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಆದೇಶ ಬೇಕು. ತೋಟದವರ ಸಂಕಟ ನಿಜ, ರಾತ್ರಿ ಬೆಳಗಾಗುವುದರೊಳಗೆ ಬಾಳೆಯ ಸಾಲೇ ಮಲಗಿರುತ್ತದೆ. ಕಾಟಿಯ (ಕಾಡುಕೋಣ) ಎದುರು ಕೋವಿಯ ಸದ್ದೂ ನಡೆಯುವುದಿಲ್ಲ. ಆದರೂ ಆದೇಶ ಇಲ್ಲದೆ ಈಡು ಹಾರಿಸಿದರೆ ಹೋಗುವುದು ಜೈಲಿಗೆ.

ಕುದುರೆಮುಖ, ಸೋಮೇಶ್ವರ, ಮೂಕಾಂಬಿಕಾದ ಅಂಚಿನವರಿಗೆ ಇನ್ನೊಂದು: ಅಭಯಾರಣ್ಯದಿಂದ 10 ಕಿ.ಮೀ. ಒಳಗಿನ ಕೋವಿದಾರರು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕೆಂದು 34ನೇ ಕಲಂ ಹೇಳುತ್ತದೆ. ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಘಟ್ಟದ ಬುಡದಲ್ಲಿ ಹೊಸ ಕೋವಿಗಳು ಕಡಿಮೆಯಾದದ್ದಕ್ಕೂ ತೋಟೆಯ ವ್ಯಾಪಾರ ಇಳಿದದ್ದಕ್ಕೂ ಇದೂ ಒಂದು ಕಾರಣ.

ಕೊಡಗಿನವರಿಗೆ ಪರವಾನಗಿಯೇ ಬೇಡವಂತೆ?

ಕೊಡವ ಜನಾಂಗಕ್ಕೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ವಿನಾಯಿತಿ ಉಂಟು, 1861ರಿಂದ ಬಂದದ್ದು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೆ ಬಂದರೆ ನಮಗೆ ಅದು ಅನ್ವಯ ಇಲ್ಲ. ಆಯುಧ ಪೂಜಿಸುವ ಅವರ ಕೈಲ್ ಪೋಳ್ದ್ ಹಬ್ಬದ ಪಟ ನೋಡಿ ಆಸೆಪಡುವುದು ಅಷ್ಟೇ.

ಹಳೆ ತೋಟೆ ಮತ್ತೆ ಬರುತ್ತದಾ?

ಬರುತ್ತದೆ. .405 ವಿಂಚೆಸ್ಟರನ್ನು ಹಾರ್ನಡಿ ಕಂಪೆನಿ 2000ದ ದಶಕದ ಆರಂಭದಲ್ಲಿ ಮತ್ತೆ ಮಾಡತೊಡಗಿತು. ಕೈನೋಕ್ ಹೆಸರಿನ ನೈಟ್ರೋ ತೋಟೆಗಳೂ ಸಣ್ಣ ಪ್ರಮಾಣದಲ್ಲಿ ಮರಳಿವೆ. ಅಮೆರಿಕದ ಕೆಲವು ರಾಜ್ಯಗಳು ಜಿಂಕೆ ಬೇಟೆಗೆ ನೇರ ಮೈಯ ತೋಟೆ ಮಾತ್ರ ಎಂದದ್ದರಿಂದ 2019ರಲ್ಲಿ .350 ಲೆಜೆಂಡ್ ಹುಟ್ಟಿತು, ಜೊತೆಗೆ 1873ರ .45-70 ಕೂಡ ಮತ್ತೆ ಬೇಡಿಕೆಗೆ ಬಂತು. ಇಲ್ಲಿಗೆ ಇವು ಬರುವುದನ್ನು ಕಾಯಬೇಡಿ.

ಹೊಸದಾಗಿ ಪರವಾನಗಿ ಸಿಕ್ಕಿದೆ. ಯಾವ ಬೋರ್ ತೆಗೆದುಕೊಳ್ಳಲಿ?

12. 70 ಮಿ.ಮೀ. ಕೋಣೆ ಇರುವುದು. ಕೋವಿ ನೋಡುವ ಮೊದಲು ತೋಟೆ ನೋಡಿ: ಮಂಗಳೂರಿನಲ್ಲೋ ಉಡುಪಿಯಲ್ಲೋ ಪರವಾನಗಿ ಇರುವ ಅಂಗಡಿಯಲ್ಲಿ ಕಳೆದ ವರ್ಷವೆಲ್ಲ ಯಾವುದು ಬಿಡದೆ ಸಿಕ್ಕಿತು ಎಂದು ಕೇಳಿ. ದೇಶೀ 12 ಬೋರ್ ತೋಟೆ ಬಹುಕಾಲದಿಂದ ಪುಣೆಯ ಖಡ್ಕಿ ಕಾರ್ಖಾನೆಯದು. ತಳದ ಹಿತ್ತಾಳೆಯ ಮೇಲೆ ಕಾಣುವ ಕೆ.ಎಫ್. ಎಂಬ ಗುರುತು ಅದೇ ಊರಿನ ಹಳೆ ಹೆಸರು ಕಿರ್ಕಿಯಿಂದ ಬಂದದ್ದು. 2021ರ ಅಕ್ಟೋಬರಿನಿಂದ ಆ ಕಾರ್ಖಾನೆ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಕೆಳಗಿದೆ.

ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ತೋಟೆ ಎಂಬುದು ನಿಮ್ಮ ಪರವಾನಗಿಯಲ್ಲೇ ಬರೆದಿರುತ್ತದೆ, ಅದರ ಮೇಲೆ ಒಂದೂ ಸಿಗುವುದಿಲ್ಲ. 2019ರ ತಿದ್ದುಪಡಿಯಂತೆ ಒಬ್ಬರಿಗೆ ಎರಡೇ ಕೋವಿ, ಪರವಾನಗಿಯ ಅವಧಿ ಐದು ವರ್ಷ. ಮಂಗಳೂರು ಪೊಲೀಸ್ ಕಮಿಷನರೇಟ್ ವ್ಯಾಪ್ತಿಯವರಿಗೆ ನವೀಕರಣ ಕಮಿಷನರ್ ಕಚೇರಿಯಲ್ಲಿ, ಉಳಿದವರಿಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ. ಚುನಾವಣೆ ಘೋಷಣೆಯಾಗಿ ಕೋವಿ ಠಾಣೆಯಲ್ಲಿಡಲು ನೋಟಿಸು ಬಂದರೆ, ಪರಿಶೀಲನಾ ಸಮಿತಿಗೆ ವಿನಾಯಿತಿ ಅರ್ಜಿ ಬರೆಯುವಾಗ ಬೆಳೆಯ ಪಹಣಿಯ ಪ್ರತಿ ಲಗತ್ತಿಸಿ. ಠಾಣೆಯಲ್ಲಿ ಇಟ್ಟರೆ ರಶೀದಿಯಲ್ಲಿ ಕೋವಿಯ ನಂಬರ್ ಸರಿಯಾಗಿ ಬರೆದಿದ್ದಾರಾ ಎಂದು ಅಲ್ಲಿಯೇ ಓದಿಕೊಳ್ಳಿ, ಮರಳಿ ತರುವಾಗ ನಳಿಗೆಗೆ ಎಣ್ಣೆ ಹಾಕಲು ಮರೆಯಬೇಡಿ.